ಮೊದಲ ಸ್ಟೀರಿಯೊಗೆ ವಾಟ್ ನೋಡಿ ದುಡ್ಡು ಕೊಡಬೇಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಮೊಬೈಲ್, ಲ್ಯಾಪ್‌ಟಾಪ್‌ಗಳ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ. ಹಾಡು ಕೇಳುವ ಸಾಧನಗಳ ವಿಚಾರಕ್ಕೆ ಬಂದರೆ ಬರಹ ಎರಡೇ ಸಂಗತಿಗೆ ನಿಂತುಬಿಡುತ್ತದೆ: ಎಷ್ಟು ವಾಟ್, ಬ್ಲೂಟೂತ್ ಇದೆಯೋ ಇಲ್ಲವೋ. ಕೈಯಲ್ಲಿರುವ ಅಲ್ಪಸ್ವಲ್ಪ ದುಡ್ಡಿನಲ್ಲಿ ಮೊದಲ ಸ್ಟೀರಿಯೊ ಕೊಳ್ಳಲು ಹೊರಟ ವಿದ್ಯಾರ್ಥಿಗೆ ಇವೆರಡರಿಂದ ಏನೂ ತಿಳಿಯುವುದಿಲ್ಲ. ಸ್ಪೀಕರ್‌ನ ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದು) ಎಷ್ಟು, ಇಂಪೀಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಎಷ್ಟು, ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ನ ವಾಟ್ ಅಳೆದದ್ದು ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಧ್ವನಿ ಕೆಡುವ ಪ್ರಮಾಣದಲ್ಲಿ) ಎಂಬ ಮಾಹಿತಿಯನ್ನೂ ಇಂಥ ಬರಹಗಳಲ್ಲಿ ತಪ್ಪದೆ ಕೊಡಬೇಕೆಂದು ಕೋರುತ್ತೇನೆ. ಅವು ಏಕೆ ಬೇಕು, ಅವನ್ನು ಇಟ್ಟುಕೊಂಡು ಆರಿಸುವುದು ಹೇಗೆ ಎಂದು ವಿವರವಾಗಿಯೇ ಬರೆದಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ಮೊದಲು ದುಡ್ಡಿನ ಹಂಚಿಕೆ. ನೂರು ಪಾಲಿನಲ್ಲಿ ಅರವತ್ತು ಸ್ಪೀಕರ್‌ಗೆ, ಮೂವತ್ತು ಆಂಪ್ಲಿಫೈಯರ್‌ಗೆ, ಉಳಿದ ಹತ್ತು ವೈರು ಮತ್ತು ಸ್ಟ್ಯಾಂಡಿಗೆ. ಹಾಡು ನುಡಿಸಲು ಜೇಬಿನಲ್ಲಿರುವ ಫೋನ್ ಸಾಕು. ಹೀಗೇಕೆ ಎಂದರೆ, ಇಂದಿನ ಸಾಧಾರಣ ಆಂಪ್ಲಿಫೈಯರ್ ಕೂಡ ತನ್ನ ಮಿತಿಯೊಳಗೆ ನಡೆಯುವಾಗ ಧ್ವನಿಯನ್ನು ಕೆಡಿಸುವುದು ಶೇ 0.1ರ ಆಸುಪಾಸಿನಲ್ಲಿ, ಕಿವಿಗೆ ಗೊತ್ತೇ ಆಗದಷ್ಟು. ಸ್ಪೀಕರ್ ಹಾಗಲ್ಲ. ಒಳ್ಳೆಯ ಸ್ಪೀಕರ್‌ನಲ್ಲೇ ಒಂದು ಸ್ವರಕ್ಕೂ ಇನ್ನೊಂದಕ್ಕೂ ಮೇಲೆ ಕೆಳಗೆ 3 ಡೆಸಿಬಲ್ ಏರಿಳಿತ ಇದ್ದೇ ಇರುತ್ತದೆ. ಅದನ್ನು ಕೋಣೆಯಲ್ಲಿ ಇಟ್ಟ ಮೇಲೆ ಬಾಸ್‌ನಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿ, ಈ ಏರಿಳಿತ 10 ಡೆಸಿಬಲ್ ದಾಟುವುದು ಮಾಮೂಲು. ತಪ್ಪು ಎಲ್ಲಿ ದೊಡ್ಡದಾಗಿದೆಯೋ ದುಡ್ಡೂ ಗಮನವೂ ಅಲ್ಲಿಗೆ ಹೋಗಬೇಕು.

ಅದೇ ದುಡ್ಡಿಗೆ ಐದು ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ಸೆಟ್ ಸಿಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಸಿಗುತ್ತದೆ, ಆದರೆ ದುಡ್ಡು ಆರು ಪೆಟ್ಟಿಗೆಗಳಿಗೆ ಹರಿದು ಹಂಚಿಹೋಗುತ್ತದೆ. ಸಂಗೀತದ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಎಡ, ಬಲ ಎಂಬ ಎರಡೇ ಚಾನೆಲ್‌ಗೆ ಮಾಡಿದವು. ಹಾಡು ಕೇಳುವುದೇ ಮುಖ್ಯವಾಗಿದ್ದರೆ ಎರಡು ಸ್ಪೀಕರ್ ಸಾಕು, ಎರಡೂ ಚೆನ್ನಾಗಿರಬೇಕು ಅಷ್ಟೆ.

ಇನ್ನು ವಾಟ್. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸ್ಪೀಕರ್‌ನ ಹಿಂದೆಯೋ ಅದರ ಪುಸ್ತಿಕೆಯಲ್ಲೋ ಸೆನ್ಸಿಟಿವಿಟಿ 87 ಡೆಸಿಬಲ್ ಎಂದು ಬರೆದಿದ್ದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದು ಅರ್ಥ. ಎರಡು ಮೀಟರ್ ದೂರ ಕೂತರೆ 6 ಡೆಸಿಬಲ್ ಕಳೆಯಿರಿ, ಸ್ಪೀಕರ್ ಎರಡಿರುವುದರಿಂದ 3 ಕೂಡಿಸಿ: 84. ಗೋಡೆಗಳಿಂದ ಸದ್ದು ಮರಳುವುದರಿಂದ ನಿಜವಾಗಿ ಇದಕ್ಕಿಂತ ತುಸು ಹೆಚ್ಚೇ ಸಿಗುತ್ತದೆ. ಹೀಗೆ ತಲಾ ಒಂದೇ ವಾಟ್‌ನಲ್ಲಿ ಪಕ್ಕದವರೊಡನೆ ಮಾತಾಡಲು ದನಿ ಎತ್ತರಿಸಬೇಕಾದಷ್ಟು ಸದ್ದು ಬಂತು. ಸಂಗೀತದಲ್ಲಿ ಡ್ರಮ್ಮಿನ ಏಟಿನಂಥ ಕ್ಷಣಗಳು ಸರಾಸರಿಗಿಂತ 10ರಿಂದ 15 ಡೆಸಿಬಲ್ ಮೇಲಕ್ಕೆ ಜಿಗಿಯುತ್ತವೆ. ಸರಾಸರಿ 75ರಲ್ಲಿ ಕೇಳುವವರಿಗೆ ಆ ಜಿಗಿತ 90 ಮುಟ್ಟುತ್ತದೆ, ಅದಕ್ಕೆ ಬೇಕಾದದ್ದು ನಾಲ್ಕು ವಾಟ್. ಆಂಪ್ಲಿಫೈಯರ್ 20 ವಾಟ್‌ನದ್ದಾದರೆ 97 ಡೆಸಿಬಲ್‌ವರೆಗೆ ಹೋಗಬಹುದು. ಸಣ್ಣ ಕೋಣೆಗೆ ಅದಕ್ಕಿಂತ ಹೆಚ್ಚು ಬೇಕಾಗಿಯೇ ಇಲ್ಲ.

ಇನ್ನೊಂದು ಮಾತು: 3 ಡೆಸಿಬಲ್ ಹೆಚ್ಚು ಬೇಕೆಂದರೆ ವಾಟ್ ಎರಡರಷ್ಟಾಗಬೇಕು, ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಬೇಕೆಂದರೆ ಸುಮಾರು ಹತ್ತರಷ್ಟು. ಹಾಗಾಗಿ 40 ವಾಟ್‌ನ ಆಂಪ್ಲಿಫೈಯರ್ ಬಿಟ್ಟು 60 ವಾಟ್‌ನದ್ದಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಸಿಗುವುದು ಎರಡು ಡೆಸಿಬಲ್‌ಗಿಂತ ಕಡಿಮೆ. 84 ಡೆಸಿಬಲ್ ಸ್ಪೀಕರ್ ಬದಲು 90 ಡೆಸಿಬಲ್‌ನದ್ದು ಆರಿಸಿದರೆ ಮಾತ್ರ 20 ವಾಟ್‌ನಲ್ಲೇ 80 ವಾಟ್‌ನ ಕೆಲಸ ಆಗುತ್ತದೆ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್ ಚಾನೆಲ್ಲಿಗೆ ಬರೀ 20 ವಾಟ್‌ನದ್ದು. ಕಡಿಮೆ ದುಡ್ಡಿನ ಹೈ-ಫೈ ಎಂದರೆ ಇಂದಿಗೂ ಜನ ಅದರ ಹೆಸರು ಹೇಳುತ್ತಾರೆ.

ಪೆಟ್ಟಿಗೆಯ ಮೇಲೆ ಸಾವಿರ, ಎರಡು ಸಾವಿರ ಎಂದು ಅಚ್ಚಾಗಿರುವ ಪಿಎಂಪಿಒ ವಾಟ್‌ಗೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ಅದನ್ನು ಓದದೆ ಮುಂದೆ ಹೋಗಿ. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ವಾಟ್ ಎಂದಿದ್ದರೂ ಜೊತೆಗಿರುವ ಷರತ್ತು ನೋಡಬೇಕು. "8 ಓಮ್‌ಗೆ, ಎರಡೂ ಚಾನೆಲ್ ನಡೆಯುವಾಗ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ಶೇ 0.1 ಡಿಸ್ಟಾರ್ಷನ್‌ನಲ್ಲಿ 40 ವಾಟ್" ಎಂದರೆ ಅದು ಪ್ರಾಮಾಣಿಕ ಸಂಖ್ಯೆ. "4 ಓಮ್‌ಗೆ, 1 ಕಿಲೋಹರ್ಟ್ಜ್‌ನಲ್ಲಿ, ಶೇ 10 ಡಿಸ್ಟಾರ್ಷನ್‌ನಲ್ಲಿ 100 ವಾಟ್" ಎಂದಿದ್ದರೆ ಅದೇ ಯಂತ್ರ ಮೊದಲ ಷರತ್ತಿನಲ್ಲಿ 40ಕ್ಕೆ ಇಳಿದೀತು. ಉತ್ಪ್ರೇಕ್ಷೆ ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳ ವಾಟ್ ಘೋಷಣೆಗೆ ನಿಯಮ ತಂದಿತು. ಎಪ್ಪತ್ತರ ದಶಕದ ಕೊನೆಯಲ್ಲಿ, ಎಂಬತ್ತರ ದಶಕದಲ್ಲಿ ಆ ಮಾರುಕಟ್ಟೆಗೆ ತಯಾರಾದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗಳ ಮೇಲಿನ ವಾಟ್ ಸಂಖ್ಯೆಯನ್ನು ಸಾಮಾನ್ಯವಾಗಿ ನಂಬಬಹುದಾಗಿರುವುದು ಇದರಿಂದಲೇ.

ವಿದ್ಯಾರ್ಥಿಗಳು ಈಗ ಹೆಚ್ಚಾಗಿ ಕೊಳ್ಳುವುದು ಅಂಗೈಯಗಲದ ಕ್ಲಾಸ್ ಡಿ (ವಿದ್ಯುತ್ತನ್ನು ಅತಿವೇಗವಾಗಿ ಆನ್-ಆಫ್ ಮಾಡುತ್ತ ನಡೆಯುವ) ಆಂಪ್ಲಿಫೈಯರ್‌ಗಳನ್ನು. ಅವು ಚೆನ್ನಾಗಿಯೇ ಇವೆ, ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಇಲ್ಲೇ ಹೆಚ್ಚಿನವರು ಮೋಸಹೋಗುವುದು. ಇಂಥ ಹಲವು ಪೆಟ್ಟಿಗೆಗಳ ಒಳಗಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಎಂಬ ಚಿಪ್. ಚಾನೆಲ್ಲಿಗೆ 50 ವಾಟ್ ಎಂದು ತಯಾರಕರು ಹೇಳುವುದು 4 ಓಮ್ ಸ್ಪೀಕರ್, 21 ವೋಲ್ಟ್ ವಿದ್ಯುತ್ ಇದ್ದಾಗ. ಪೆಟ್ಟಿಗೆಯೊಳಗೆ ಕೊಡುವ ಅಡಾಪ್ಟರ್ ಎಷ್ಟೋ ಸಲ 12 ವೋಲ್ಟ್, 2 ಆಂಪಿಯರ್‌ನದ್ದು. ವೋಲ್ಟನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಚಾನೆಲ್ಲಿಗೆ ಸಿಗಬಹುದಾದ ಗರಿಷ್ಠ ಶುದ್ಧ ವಾಟ್ ಗೊತ್ತಾಗುತ್ತದೆ. 12 ವೋಲ್ಟ್, 8 ಓಮ್: 144 ಭಾಗಿಸು 16, ಒಂಬತ್ತು ವಾಟ್. ಅದೇ ಯಂತ್ರಕ್ಕೆ 19 ವೋಲ್ಟ್ ಕೊಟ್ಟರೆ ಸುಮಾರು 22.5 ವಾಟ್, 24 ವೋಲ್ಟ್ ಕೊಟ್ಟರೆ 36. ಯಂತ್ರ ಬದಲಾಗಲಿಲ್ಲ, ಅಡಾಪ್ಟರ್ ಬದಲಾಯಿತು. ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್, 3.42 ಆಂಪಿಯರ್ ಚಾರ್ಜರ್ ಮನೆಯಲ್ಲಿದ್ದರೆ ಖರ್ಚೇ ಇಲ್ಲ.

ಹಾಗೆ ಬದಲಾಯಿಸುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಆಂಪ್ಲಿಫೈಯರ್ ಎಷ್ಟು ವೋಲ್ಟ್‌ವರೆಗೆ ತಡೆಯುತ್ತದೆ ಎಂದು ಅದರ ಹಿಂದೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳ) ಮೇಲೆ 25 ವೋಲ್ಟ್ ಎಂದಿದ್ದರೆ 24 ವೋಲ್ಟ್ ಅಡಾಪ್ಟರ್ ಹಾಕುವುದು ಅಪಾಯಕ್ಕೆ ತೀರಾ ಹತ್ತಿರ, 35 ವೋಲ್ಟ್‌ನವು ಇದ್ದರೆ ಸರಿ. ಪ್ಲಗ್ಗಿನ ನಡುವಿನ ತೂತು 2.1 ಮಿಲಿಮೀಟರ್‌ನದ್ದೋ 2.5ರದ್ದೋ ನೋಡಿ: 2.5ರ ಪ್ಲಗ್ಗನ್ನು 2.1ರ ಪಿನ್ನಿಗೆ ಹಾಕಿದರೆ ಸಡಿಲವಾಗಿ ನಿಂತು, ಬಾಸ್ ಬಂದಾಗಲೆಲ್ಲ ಸಂಪರ್ಕ ತಪ್ಪಿ ಆಂಪ್ಲಿಫೈಯರ್ ಆರಿಹೋಗುತ್ತದೆ. ಜನ ಯಂತ್ರವೇ ಕೆಟ್ಟಿತೆಂದು ಹಿಂದಿರುಗಿಸುತ್ತಾರೆ. ಕೊನೆಯದಾಗಿ, ಇಂಥ ಆಂಪ್ಲಿಫೈಯರ್‌ಗಳ ಎಡ, ಬಲ ಚಾನೆಲ್‌ಗಳ ಕಪ್ಪು ತುದಿಗಳನ್ನು ಎಂದೂ ಒಂದಕ್ಕೊಂದು ಸೇರಿಸಬಾರದು. ಅವು ಅರ್ಥ್ ಅಲ್ಲ, ಅವುಗಳಲ್ಲೂ ಸಿಗ್ನಲ್ ಇರುತ್ತದೆ.

ಸ್ಪೀಕರ್ ಆರಿಸುವಾಗ ಪುಸ್ತಿಕೆಯಲ್ಲಿ "45 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯದು. ಮೇಲೆ ಕೆಳಗೆ 3 ಡೆಸಿಬಲ್ ಒಳಗೆ ಎಂಬ ಮಾತು ಜೊತೆಗಿರಬೇಕು. ಸೆನ್ಸಿಟಿವಿಟಿಯನ್ನು 2.83 ವೋಲ್ಟ್‌ಗೆ ಕೊಟ್ಟಿದ್ದರೆ ಓಮ್ ನೋಡಿ. 8 ಓಮ್‌ಗೆ ಅದು ಒಂದು ವಾಟ್ ಸರಿ, 4 ಓಮ್‌ಗೆ ಎರಡು ವಾಟ್ ಆಗುತ್ತದೆ. ಹಾಗಾಗಿ 4 ಓಮ್ ಸ್ಪೀಕರ್‌ನ 88 ಎಂಬುದು ವಾಟ್ ಲೆಕ್ಕದಲ್ಲಿ 85 ಮಾತ್ರ. ಆಂಪ್ಲಿಫೈಯರ್‌ನ ಹಿಂದೆ "8 ಓಮ್ ಅಥವಾ ಹೆಚ್ಚು" ಎಂದಿದ್ದರೆ 4 ಓಮ್ ಸ್ಪೀಕರ್ ತರಬೇಡಿ, ಸದ್ದು ಹೆಚ್ಚಿಸಿದಾಗ ಯಂತ್ರ ಬಿಸಿಯಾಗಿ ನಿಂತುಬಿಡುತ್ತದೆ.

ಸಣ್ಣ ಪೆಟ್ಟಿಗೆ, ಆಳವಾದ ಬಾಸ್, ಹೆಚ್ಚಿನ ಸೆನ್ಸಿಟಿವಿಟಿ — ಈ ಮೂರರಲ್ಲಿ ಎರಡನ್ನಷ್ಟೇ ಪಡೆಯಬಹುದು. ಇದು ಭೌತಶಾಸ್ತ್ರ, ದುಡ್ಡು ಸುರಿದರೂ ಬದಲಾಗದು. ಹೀಗಾಗಿ ಅಂಗೈಯಗಲದ ಪೆಟ್ಟಿಗೆಗೆ 40 ಹರ್ಟ್ಜ್ ಬಾಸ್, 90 ಡೆಸಿಬಲ್ ಎರಡೂ ಇವೆ ಎಂದು ಬರೆದಿದ್ದರೆ ಒಂದಂತೂ ಸುಳ್ಳು. ಸಣ್ಣ ಕೋಣೆಗೆ 5 ಅಥವಾ 6.5 ಇಂಚಿನ ವೂಫರ್ (ತಗ್ಗಿನ ಸ್ವರ ನುಡಿಸುವುದು), ಒಂದು ಇಂಚಿನ ಟ್ವೀಟರ್ (ಮೇಲಿನ ಸ್ವರ ನುಡಿಸುವುದು) ಇರುವ ಬುಕ್‌ಶೆಲ್ಫ್ ಸ್ಪೀಕರ್ ಸರಿಯಾದ ಆಯ್ಕೆ. ಇವು ಸಾಧಾರಣವಾಗಿ 50-60 ಹರ್ಟ್ಜ್‌ವರೆಗೆ ಇಳಿಯುತ್ತವೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಅದರ ಮೂಲ ಸ್ವರ ಸ್ವಲ್ಪ ಕುಗ್ಗಿದರೂ ಅದರ ಮೇಲಿನ ಸ್ವರಾಂಶಗಳಿಂದ ಕಿವಿ ಸ್ವರವನ್ನು ಗುರುತಿಸುತ್ತದೆ. ಕೊರತೆ ಅನ್ನಿಸಿದರೆ ಮುಂದೊಂದು ದಿನ ಸಬ್‌ವೂಫರ್ ತಂದು 80 ಹರ್ಟ್ಜ್ ಹತ್ತಿರ ಸೇರಿಸಬಹುದು. ಮೊದಲ ದಿನವೇ ಅದಕ್ಕೆ ದುಡ್ಡು ಹಾಕಿದರೆ ಮುಖ್ಯ ಸ್ಪೀಕರ್‌ಗಳ ಪಾಲು ಕರಗುತ್ತದೆ.

ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಕೊಳ್ಳುವುದೋ, ಬೇರೆ ಆಂಪ್ಲಿಫೈಯರ್ ಬೇಕಾದ ಪ್ಯಾಸಿವ್ ಕೊಳ್ಳುವುದೋ? ಓದುವ ಮೇಜಿನ ಮುಂದೆಯೇ ಕೂತು ಕೇಳುವವರಿಗೆ, ಆಗಾಗ ಕೋಣೆ ಬದಲಿಸುವವರಿಗೆ ಆಕ್ಟಿವ್ ಒಳ್ಳೆಯದು: ವೈರು ಕಡಿಮೆ, ಸ್ಪೀಕರ್‌ಗೆ ಹೊಂದುವ ಆಂಪ್ಲಿಫೈಯರನ್ನು ತಯಾರಕರೇ ಕೂಡಿಸಿರುತ್ತಾರೆ. ಕೊಳ್ಳುವ ಮುನ್ನ ಹಾಡು ನಿಲ್ಲಿಸಿ, ಟ್ವೀಟರ್‌ನಿಂದ ಎರಡು ಅಡಿ ದೂರದಲ್ಲಿ ಕಿವಿಗೊಟ್ಟು "ಸ್‌ಸ್" ಎಂಬ ಸದ್ದು ಕೇಳುತ್ತದೆಯೇ ನೋಡಿ. ಅಂಗಡಿಯ ಗದ್ದಲದಲ್ಲಿ ಅದು ಅಡಗಿರುತ್ತದೆ, ರಾತ್ರಿ ಓದುವಾಗ ಪ್ರಾಣ ಹಿಂಡುತ್ತದೆ. ಒಳಗಿನ ಆಂಪ್ಲಿಫೈಯರ್ ಕೆಟ್ಟರೆ ಸ್ಪೀಕರೂ ಕೆಲಸಕ್ಕೆ ಬಾರದು ಎಂಬುದು ಇವುಗಳ ದೊಡ್ಡ ಕೊರತೆ. ಒಂದೊಂದಾಗಿ ಬದಲಿಸುತ್ತ ಬೆಳೆಸುವ ಆಸೆ ಇದ್ದವರು, ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯದವರು ಪ್ಯಾಸಿವ್ ಕಡೆ ಹೋಗಲಿ. ಅದೇ ದುಡ್ಡಿಗೆ ಹೆಚ್ಚು ಗುಣ ಸಿಗುವುದು ಅಲ್ಲಿಯೇ ಎಂದು ನನ್ನ ಖಚಿತ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ಸ್ಪೀಕರ್ ನೋಡಲು ಹೋಗುವಾಗ ಒಂದು ಮಲ್ಟಿಮೀಟರ್, ಒಂದು ಟಾರ್ಚ್ ಜೊತೆಗಿರಲಿ. ಮುಂದಿನ ಬಟ್ಟೆಯ ಜಾಲರಿ ತೆಗೆಸಿ. ಕೋನ್‌ನ (ವೂಫರ್‌ನಲ್ಲಿ ಅದುರುವ ಶಂಕುವಿನಾಕಾರದ ಭಾಗದ) ಸುತ್ತಲಿನ ಅಂಚು ರಬ್ಬರಿನದ್ದೋ ಫೋಮಿನದ್ದೋ ನೋಡಿ. ಫೋಮ್ ಬಳಸದೆ ಇಟ್ಟರೂ ಹತ್ತು-ಹದಿನೈದು ವರ್ಷಗಳಲ್ಲಿ ಗಾಳಿಯ ತೇವಕ್ಕೇ ಕೊಳೆಯುತ್ತದೆ: ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿದರೆ ಅಂಟುತ್ತದೆ, ಇಲ್ಲವೇ ಪುಡಿಯಾಗಿ ಉದುರುತ್ತದೆ. ಹೊಸ ಫೋಮ್ ಅಂಟಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿ. ಆಮೇಲೆ ವೂಫರ್‌ನ ನಡುವಿನ ಗುಬುಟಿನ ಎರಡೂ ಬದಿಗೆ ಬೆರಳಿಟ್ಟು ಕೋನನ್ನು ಸಮವಾಗಿ, ನಿಧಾನವಾಗಿ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಎಂದು ಉಜ್ಜಿದ ಸದ್ದು ಬಂದರೆ ಕೋನನ್ನು ಅಲುಗಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟ್ಟಿಗೆ ತಾಗುತ್ತಿದೆ, ಅಂಥದ್ದನ್ನು ಬಿಟ್ಟುಬಿಡಿ. ಟ್ವೀಟರನ್ನು ಮಾತ್ರ ಮುಟ್ಟಬೇಡಿ.

ಹಿಂದಿನ ಎರಡು ತುದಿಗಳಿಗೆ ಮೀಟರ್ ಹಿಡಿದರೆ 8 ಓಮ್ ಸ್ಪೀಕರ್ 5.5ರಿಂದ 7 ಓಮ್, 4 ಓಮ್‌ನದ್ದು 3ರಿಂದ 3.5 ಓಮ್ ತೋರಿಸಬೇಕು. ಎರಡು ಸ್ಪೀಕರ್‌ಗಳ ಸಂಖ್ಯೆ ಹತ್ತಿರಹತ್ತಿರ ಇರಬೇಕು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಒಳಗಿನ ತಂತಿ ಬಿಟ್ಟಿದೆ. ಒಂದು ಎಚ್ಚರ: ಈ ಅಳತೆ ವೂಫರ್‌ನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಟ್ವೀಟರ್‌ನ ಮುಂದೆ ಕೆಪಾಸಿಟರ್ ಇರುವುದರಿಂದ ಮೀಟರಿನ ವಿದ್ಯುತ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಟ್ವೀಟರ್ ಸುಟ್ಟಿದ್ದರೂ ಮೀಟರ್ ಎಲ್ಲ ಸರಿ ಎನ್ನುತ್ತದೆ. ಅದಕ್ಕೆ ಸದ್ದು ಕಡಿಮೆ ಇಟ್ಟು ಹಾಡು ಹಾಕಿ, ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಟ್ವೀಟರ್ ಮುಂದೆ, ಇನ್ನೊಂದನ್ನು ಕಿವಿಗೆ ಹಿಡಿದು ಎರಡೂ ಸ್ಪೀಕರ್‌ಗಳಲ್ಲಿ ಕೇಳಿ. ಫೋನಿನಲ್ಲಿ 30 ಹರ್ಟ್ಜ್‌ನಿಂದ ಮೇಲಕ್ಕೆ ಏರುವ ಸ್ವರವನ್ನು ಮೆಲುವಾಗಿ ನುಡಿಸಿದರೆ ಸಡಿಲ ಸ್ಕ್ರೂ, ಬಿಟ್ಟ ಅಂಟು, ಹರಿದ ಕೋನ್ ಎಲ್ಲವೂ ಗರಗರ ಎಂದು ತಾವೇ ಹೇಳಿಕೊಳ್ಳುತ್ತವೆ.

ಹಳೆಯ ಆಂಪ್ಲಿಫೈಯರ್‌ನಲ್ಲಿ ಮೊದಲು ಹಿಂಬದಿಯ ವೋಲ್ಟೇಜ್ ಓದಿ. 120 ವೋಲ್ಟ್‌ನ ಯಂತ್ರವನ್ನು 230ಕ್ಕೆ ಚುಚ್ಚಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಸ್ಪೀಕರ್ ಜೋಡಿಸದೆ, ಹಾಡು ಹಾಕದೆ ಯಂತ್ರ ಚಾಲೂ ಮಾಡಿ ಕೆಲವು ನಿಮಿಷ ಬಿಡಿ. ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಒಂದು ಚಾನೆಲ್‌ನ ಕೆಂಪು-ಕಪ್ಪು ತುದಿಗಳ ನಡುವೆ ಅಳೆಯಿರಿ, ಆಮೇಲೆ ಇನ್ನೊಂದರಲ್ಲಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದ್ದರೆ ರಿಪೇರಿ ಆಗಬೇಕು. ಒಂದೆರಡು ವೋಲ್ಟ್ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಸ್ಪೀಕರ್ ಜೋಡಿಸಿದರೆ ವೂಫರ್ ಸುಡುತ್ತದೆ. ಈ ಎರಡು ನಿಮಿಷದ ಅಳತೆಯಿಂದ ಒಂದು ಜೊತೆ ಸ್ಪೀಕರ್ ಉಳಿಯುತ್ತದೆ.

ಈಗ ಸ್ಪೀಕರ್ ಜೋಡಿಸಿ. ವಾಲ್ಯೂಮ್ ಸೊನ್ನೆಯಲ್ಲೇ ಗುಂಯ್ ಎಂದರೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳು ಒಣಗಿವೆ. ವಾಲ್ಯೂಮ್ ಜೊತೆಗೆ ಗುಂಯ್ಗುಡುವಿಕೆಯೂ ಏರಿದರೆ ತೊಂದರೆ ಇನ್‌ಪುಟ್ ಕಡೆಯ ವೈರಿನಲ್ಲಿ, ಅದು ಸಣ್ಣ ರಿಪೇರಿ. ವಾಲ್ಯೂಮ್, ಬ್ಯಾಲೆನ್ಸ್ ತಿರುಗಿಸುವಾಗ ಚರಚರ ಎಂದರೆ ಹೆದರಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತಿರುಗಿಸುವ ನಾಬನ್ನು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಪ್ಲಗ್ ಕಿತ್ತಿಟ್ಟೇ ಮಾಡಬೇಕು, ಒಳಗಿನ ಕೆಪಾಸಿಟರ್‌ಗಳಲ್ಲಿ ಆಮೇಲೂ ವಿದ್ಯುತ್ ಉಳಿದಿರುತ್ತದೆ ಎಂಬುದು ನೆನಪಿರಲಿ. ಸದ್ದೇ ಬರದಿದ್ದರೆ ಮುಂದಿನ ಫಲಕದಲ್ಲಿ "ಟೇಪ್ ಮಾನಿಟರ್" ಬಟನ್ ಒತ್ತಿಹೋಗಿದೆಯೇ ನೋಡಿ. ಅದು ಒಳಗಿದ್ದರೆ ಟೇಪ್ ರೆಕಾರ್ಡರ್‌ನಿಂದ ಬರುವ ಸಿಗ್ನಲ್ಲಿಗಾಗಿ ಯಂತ್ರ ಕಾಯುತ್ತಿರುತ್ತದೆ. ಇದೊಂದೇ ಕಾರಣಕ್ಕೆ ಕೆಟ್ಟಿದೆ ಎಂದು ಗುಜರಿ ಬೆಲೆಗೆ ಮಾರುವವರಿದ್ದಾರೆ.

ಹಾಡಿನ ಮೂಲದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೋನಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್ಟಿಗೆ 3.5 ಮಿಲಿಮೀಟರ್ ಪ್ಲಗ್‌ನಿಂದ ಎರಡು ಆರ್‌ಸಿಎ ಆಗುವ ಒಂದು ಕೇಬಲ್ ಸಾಕು. ಫೋನಿನ ವಾಲ್ಯೂಮ್ ಪೂರ್ತಿಗಿಂತ ಒಂದೆರಡು ಹಂತ ಕಡಿಮೆ ಇಟ್ಟು, ಸದ್ದನ್ನು ಆಂಪ್ಲಿಫೈಯರ್‌ನಲ್ಲಿ ಏರಿಸಿ ಇಳಿಸಿ. ಫೋನಿನಲ್ಲಿರುವ ಬಾಸ್ ಬೂಸ್ಟ್, ಸರೌಂಡ್ ಮುಂತಾದವನ್ನೆಲ್ಲ ಆಫ್ ಮಾಡಿ. ಹೆಡ್‌ಫೋನ್ ತೂತಿಲ್ಲದಿದ್ದರೆ ಅಥವಾ ಲ್ಯಾಪ್‌ಟಾಪ್‌ನಿಂದ ಚಿಂಯ್ ಎಂಬ ಸದ್ದು ಸೇರಿಕೊಳ್ಳುತ್ತಿದ್ದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ಲಾಗಿ ಬದಲಿಸುವ ಅತಿ ಅಗ್ಗದ ಯುಎಸ್‌ಬಿ ಡ್ಯಾಕ್ ಒಂದು ಸಾಕು, ದುಬಾರಿಯದ್ದು ಬೇಡ. ರೆಕಾರ್ಡ್ ಪ್ಲೇಯರ್ ಆಸೆ ಇದ್ದವರು ಅದನ್ನು ಮುಂದಕ್ಕೆ ಹಾಕಿ. ಅದರ ಸೂಜಿಯಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರ್‌ನಿಂದ 2 ವೋಲ್ಟ್. ನಡುವೆ ಫೋನೋ ಆಂಪ್ಲಿಫೈಯರ್ ಬೇಕು, ಸೂಜಿ ಸವೆದಾಗ ಬದಲಿಸಬೇಕು, ರೆಕಾರ್ಡ್‌ಗಳನ್ನು ಕೊಳ್ಳಬೇಕು. ಸ್ಪೀಕರ್‌ಗೆ ಹೋಗಬೇಕಾದ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ.

ಸ್ಪೀಕರ್ ವೈರಿಗೆ 1.5 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ಎರಡೆಳೆ ವೈರು ಸಾಕು. ಐದು ಮೀಟರ್ ಉದ್ದಕ್ಕೆ ಹೋಗಿ ಬರುವ ರೋಧ 0.12 ಓಮ್ ಸಹ ಆಗದು, 8 ಓಮ್ ಮುಂದೆ ಅದು ಲೆಕ್ಕಕ್ಕಿಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವೈರನ್ನು ಮಾತ್ರ ತಪ್ಪಿಸಿ, ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಜೋಡಿಸುವಾಗ ಅತಿ ಸಾಮಾನ್ಯ ತಪ್ಪು ಒಂದು ಸ್ಪೀಕರ್‌ನಲ್ಲಿ ಕೆಂಪು-ಕಪ್ಪು ಅದಲುಬದಲಾಗುವುದು. ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಬಾಸ್ ಪರಸ್ಪರ ಹೊಡೆದುಕೊಂಡು ಮಾಯವಾಗುತ್ತದೆ, ಗಾಯಕರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಸ್ಪೀಕರ್‌ಗಳನ್ನು ಎದುರುಬದುರು ಒಂದಡಿ ಅಂತರದಲ್ಲಿ ಇಟ್ಟು ಮೋನೋ (ಎರಡೂ ಸ್ಪೀಕರ್‌ಗೆ ಒಂದೇ ಧ್ವನಿ ಹೋಗುವ) ಧ್ವನಿಮುದ್ರಣ ಹಾಕಿ, ಒಂದರ ತಂತಿ ಅದಲಿಸಿ ನೋಡಿ. ಯಾವ ಜೋಡಣೆಯಲ್ಲಿ ಬಾಸ್ ತುಂಬಿ ಬರುತ್ತದೋ ಅದು ಸರಿ. ತಂತಿ ಬದಲಿಸುವ ಮುನ್ನ ಪ್ರತಿಸಲವೂ ಆಂಪ್ಲಿಫೈಯರ್ ಆಫ್ ಮಾಡಿ.

ಈಗ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ: ಇಡುವ ಜಾಗ. ಎರಡು ಸ್ಪೀಕರ್, ಕೇಳುವವರ ತಲೆ, ಈ ಮೂರೂ ಸಮಬಾಹು ತ್ರಿಕೋನವಾಗಬೇಕು. ಕೋಣೆಯಲ್ಲಿ ಒಂದೂವರೆಯಿಂದ ಎರಡು ಮೀಟರ್, ಮೇಜಿನ ಮೇಲಾದರೆ ಒಂದು ಮೀಟರ್ ಒಳಗೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಮೇಜಿನ ಮೇಲೆ ಅದು ಎದೆಯ ಮಟ್ಟದಲ್ಲಿ ಉಳಿಯುವುದರಿಂದ ಮುಂಭಾಗವನ್ನು ತುಸು ಎತ್ತಿ ಓರೆಯಾಗಿಡಿ, ಅಡಿಗೆ ದಪ್ಪ ಫೋಮ್ ಹಾಕಿ. ನೆಲದ ಮೇಲಾದರೆ ಸಿಮೆಂಟ್ ಬ್ಲಾಕ್‌ಗಳು ಒಳ್ಳೆಯ ಸ್ಟ್ಯಾಂಡು: ಭಾರ ಇದೆ, ಅದುರುವುದಿಲ್ಲ, ಬೆಲೆಯೂ ಇಲ್ಲ.

ಗೋಡೆಯಿಂದ ಎಷ್ಟು ದೂರ? ಬಾಸ್ ಎಲ್ಲ ದಿಕ್ಕಿಗೂ ಹರಡುತ್ತದೆ. ಹಿಂದೆ ಹೋದದ್ದು ಗೋಡೆಗೆ ಬಡಿದು ಮರಳಿ ಮುಂದಿನ ಸದ್ದಿನೊಡನೆ ಸೇರುವಾಗ ಒಂದು ಸ್ವರದಲ್ಲಿ ಎರಡೂ ಹೊಡೆದುಕೊಳ್ಳುತ್ತವೆ. 343ನ್ನು, ಸ್ಪೀಕರ್‌ನ ಮುಖದಿಂದ ಗೋಡೆಗಿರುವ ದೂರದ (ಮೀಟರ್‌ನಲ್ಲಿ) ನಾಲ್ಕರಷ್ಟರಿಂದ ಭಾಗಿಸಿದರೆ ಆ ಸ್ವರ ಸಿಗುತ್ತದೆ. ಒಂದು ಮೀಟರ್ ಇದ್ದರೆ 86 ಹರ್ಟ್ಜ್, 60 ಸೆಂಟಿಮೀಟರ್ ಇದ್ದರೆ 143 ಹರ್ಟ್ಜ್. ಇದು ಗಂಡು ದನಿಯ, ಚರ್ಮವಾದ್ಯಗಳ ತುಂಬು ಇರುವ ಜಾಗ. ಅಲ್ಲಿ ಗುಳಿ ಬಿದ್ದರೆ ದನಿ ಬಡಕಲಾಗುತ್ತದೆ, ಸ್ಪೀಕರ್ ಸರಿಯಿಲ್ಲ ಎಂದು ಬೈಯುತ್ತೇವೆ. ಸ್ಪೀಕರ್‌ನ ಮುಖ ಗೋಡೆಯಿಂದ ಒಂದಡಿಯೊಳಗೆ ಬರುವಂತೆ ಹತ್ತಿರಕ್ಕೆ ತಳ್ಳಿದರೆ ಗುಳಿ 250 ಹರ್ಟ್ಜ್‌ಗಿಂತ ಮೇಲೆ ಹೋಗಿ ಅಷ್ಟಾಗಿ ಕಾಡುವುದಿಲ್ಲ, ಬದಲಿಗೆ ಬಾಸ್ ಹೆಚ್ಚುತ್ತದೆ. ಹಿಂದೆ ಗಾಳಿಕೊಳವೆ ಇರುವ ಸ್ಪೀಕರ್ ಆದರೆ ಆಗ ಗುಮ್ಮೆನ್ನಬಹುದು. ಕೊಳವೆಯೊಳಗೆ ಸುತ್ತಿದ ಕಾಲುಚೀಲ ತುರುಕಿ ನೋಡಿ, ಬಹಳ ಸಲ ಅಷ್ಟಕ್ಕೇ ಹಿಡಿತಕ್ಕೆ ಬರುತ್ತದೆ. ಸಣ್ಣ ಕೋಣೆಯಲ್ಲಿ ನಾನು ಹೇಳುವುದು ಇದನ್ನೇ: ಗೋಡೆಗೆ ಹತ್ತಿರ ಇಡಿ, ಮೂಲೆಗೆ ಮಾತ್ರ ಬೇಡ.

ಕೂರುವ ಜಾಗವೂ ಅಷ್ಟೇ ಮುಖ್ಯ. ನಾಲ್ಕು ಮೀಟರ್ ಉದ್ದದ ಕೋಣೆ 43 ಹರ್ಟ್ಜ್‌ನಲ್ಲಿ, ಮೂರು ಮೀಟರ್‌ನದ್ದು 57ರಲ್ಲಿ ತಾನೇ ಅನುರಣಿಸುತ್ತದೆ. ಆ ಸ್ವರ ಕೋಣೆಯ ನಟ್ಟನಡುವೆ ಕೂತವರಿಗೆ ಕೇಳುವುದೇ ಇಲ್ಲ, ಗೋಡೆಗೆ ಒರಗಿದವರಿಗೆ ವಿಪರೀತ ಕೇಳುತ್ತದೆ. ಹಿಂದಿನ ಗೋಡೆಯಿಂದ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಕುರ್ಚಿ ಹಾಕಿ ಶುರುಮಾಡಿ, ಒಂದೊಂದು ಗೇಣು ಸರಿಸುತ್ತ ಕೇಳಿ. ಮಾತಾಡುವ ದನಿಯ ಧ್ವನಿಮುದ್ರಣ ಇದಕ್ಕೆ ಒಳ್ಳೆಯ ಅಳತೆಗೋಲು: ದನಿ ಎದೆಯಿಂದ ಬಂದಂತಿರಬೇಕು, ಡಬ್ಬದಿಂದ ಬಂದಂತಲ್ಲ. ಪಕ್ಕದ ಗೋಡೆಯ ಮೇಲೆ ಸ್ನೇಹಿತರೊಬ್ಬರು ಕನ್ನಡಿ ಸರಿಸುತ್ತ ಹೋಗಲಿ. ಕೂತಲ್ಲಿಂದ ಸ್ಪೀಕರ್ ಕಾಣುವ ಜಾಗದಲ್ಲಿ ಪುಸ್ತಕದ ಕಪಾಟನ್ನೋ ದಪ್ಪ ಪರದೆಯನ್ನೋ ತನ್ನಿ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಪ್ರಯೋಜನವಿಲ್ಲ, ಅಷ್ಟು ತೆಳು ವಸ್ತು ಮೇಲಿನ ಸ್ವರಗಳನ್ನಷ್ಟೇ ತುಸು ಹೀರೀತು.

ಎರಡು ಜೊತೆ ಸ್ಪೀಕರ್ ಹೋಲಿಸುವಾಗ ಸದ್ದು ಸಮವಿರಲಿ. ಒಂದು ಡೆಸಿಬಲ್ ಜೋರಿದ್ದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ, ಮಾರುವವರಿಗೂ ಇದು ಗೊತ್ತಿದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಒಂದೇ ಸಮನೆಯ ಸದ್ದು) ನುಡಿಸಿ ಸರಿಹೊಂದಿಸಿಕೊಳ್ಳಿ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ನಡೆಸಿದ ಪರೀಕ್ಷೆಗಳಲ್ಲಿ, ಯಾವ ಸ್ಪೀಕರ್ ಎಂದು ಕಾಣದಂತೆ ಕೇಳಿಸಿದಾಗ ಜನ ಮೆಚ್ಚಿದ್ದು ಎಲ್ಲ ಸ್ವರಗಳನ್ನೂ ಸಮವಾಗಿ ನುಡಿಸುವ, ಪಕ್ಕಕ್ಕೂ ಹಾಗೆಯೇ ಹರಡುವ ಸ್ಪೀಕರ್‌ಗಳನ್ನು. ಅಂಗಡಿಯಲ್ಲಿ ಮೊದಲ ಐದು ನಿಮಿಷ ಕಿವಿ ಸೆಳೆಯುವ ಮಿರುಗು ಟ್ವೀಟರ್ ಒಂದು ಗಂಟೆಯಲ್ಲಿ ತಲೆನೋವು ತರುತ್ತದೆ. ತಂಬೂರಿಯ ಶ್ರುತಿ, ಪರಿಚಿತ ದನಿ, ಒಂದು ಚರ್ಮವಾದ್ಯ, ಈ ಮೂರನ್ನು ಅರ್ಧ ಗಂಟೆ ಕೇಳಿ ತೀರ್ಮಾನಿಸಿ.

ಸದ್ದು ಒರಟಾಗಿ ಕರ್ಕಶವಾದ ಕ್ಷಣವೇ ವಾಲ್ಯೂಮ್ ಇಳಿಸಿ. ಮಿತಿ ಮೀರಿದ ಸಣ್ಣ ಆಂಪ್ಲಿಫೈಯರ್ ಅಲೆಯ ತಲೆ ಕತ್ತರಿಸುತ್ತದೆ. ಆಗ ಹುಟ್ಟುವ ಮೇಲಿನ ಸ್ವರಾಂಶಗಳು, ಏರಿದ ಸರಾಸರಿ ವಾಟ್ ಎರಡೂ ಸೇರಿ ಟ್ವೀಟರನ್ನು ಸುಡುತ್ತವೆ. ಕಿವಿಯ ಲೆಕ್ಕವೂ ಇದೆ: ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ ಕೇಳಬಹುದಾದ ಮಿತಿ ದಿನಕ್ಕೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ, ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ, 94ಕ್ಕೆ ಒಂದೇ ಗಂಟೆ.

ಎಲ್ಲ ಜೋಡಿಸಿದ ಮೇಲೆ ಗುಂಯ್ಗುಟ್ಟಿದರೆ ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್: ಎರಡು ಯಂತ್ರಗಳು ಎರಡು ದಾರಿಯಲ್ಲಿ ಅರ್ಥ್‌ಗೆ ಸೇರಿಕೊಂಡಿವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ. ಆಗಲೂ ಹೋಗದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ, ಇಲ್ಲವೇ ಸಿಗ್ನಲ್ ವೈರಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೂ ಗುಂಯ್ ನಿಲ್ಲುತ್ತದೆ, ಕೆಲವರು ಹಾಗೆಯೇ ಹೇಳಿಕೊಡುತ್ತಾರೆ. ಅದನ್ನು ಯಾರೂ ಮಾಡಬಾರದು: ಒಳಗೆ ಒಂದು ತಂತಿ ಬಿಟ್ಟು ಲೋಹದ ಪೆಟ್ಟಿಗೆಗೆ ತಾಗಿದರೆ ಮುಟ್ಟಿದವರ ಜೀವವೇ ಹೋಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ